ಹಾನಗಲ್ಲಿಗೆ ಓದಲು ಬಂದ ನೀಮಾ

ನೀಮಾ ಎಲ್ಲರಿಗೂ ‘ರಿ’ ಹಚ್ಚಿ ಮಾತಾಡುತ್ತಿದ್ದಳು. ನಮ್ಮ ಭಾಗದ ಕನ್ನಡದಲ್ಲಿ ಆಕೆ ಮೊದಲು ಕಲಿತದ್ದು ‘ಬರ್ರಿ’, ‘ಕುಂದರ್ರಿ’ ಎಂಬ ಎರಡು ಮಾತು. ಆ ‘ರಿ’ಯನ್ನು ಯಾರಿಗೆ ಹಚ್ಚಬೇಕು, ಯಾರಿಗೆ ಬಿಡಬೇಕು ಎಂದು ಹೇಳಿಕೊಟ್ಟರೂ ಕೇಳಲಿಲ್ಲ. ಬಾಗಿಲಿಗೆ ಬಂದ ನಾಯಿಗೆ ‘ಹೋಗ್ರಿ’ ಎನ್ನುತ್ತಿದ್ದಳು. ಹೆರಿಗೆ ಕೋಣೆಯಲ್ಲಿ ಕೂಸಿನ ನೆತ್ತಿ ಕಂಡ ಕೂಡಲೇ ಬಾಗಿ, ‘ಬರ್ರಿ, ಹೊರಗ ಬರ್ರಿ, ಎಲ್ಲಾರೂ ನಿಮ್ಮ ಹಾದಿ ಕಾಯಾಕತ್ತೇವಿ’ ಎಂದು ಕರೆಯುತ್ತಿದ್ದಳು. ಬ್ಯಾನಿ ತಿನ್ನುತ್ತಿದ್ದ ಹೆಂಗಸರು ಕೂಡ ಒಂದು ಗಳಿಗೆ ನಕ್ಕುಬಿಡುತ್ತಿದ್ದರು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನನಗೊಬ್ಬಳಿಗೆ ಮಾತ್ರ ‘ನೀ’ ಎನ್ನುತ್ತಿದ್ದಳು.

ನಾವು ಬಾಡಿಗೆಗೆ ಇದ್ದ ಹಾನಗಲ್ಲಿನ ಓಣಿಯಲ್ಲಿ ಮಕ್ಕಳು ಆಕೆಯ ಬೆನ್ನ ಹಿಂದೆ ‘ಕರೆವ್ವಾ, ಏ ಕರೆವ್ವಾ’ ಎಂದು ಕೂಗುತ್ತಿದ್ದವು. ನೀಮಾ ನಿಲ್ಲುತ್ತಿದ್ದಳು. ತಿರುಗಿ ಬಂದು, ಕೂಗಿದ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ನಿಮ್ಮ ಹೆಸರೇನ್ರಿ?’ ಎಂದು ಕೇಳುತ್ತಿದ್ದಳು. ಹುಟ್ಟಿದಾಗಿನಿಂದ ಯಾರಿಂದಲೂ ‘ರಿ’ ಅನ್ನಿಸಿಕೊಂಡಿರದ ಆ ಮಗು ಹೆಸರು ಹೇಳುವತನಕ ನೀಮಾ ಮೇಲೇಳುತ್ತಿರಲಿಲ್ಲ. ಮರುದಿನ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಓಣಿಯ ಅಷ್ಟೂ ಮಕ್ಕಳ ಹೆಸರು ಆಕೆಗೆ ಬಾಯಿಪಾಠವಾಗಿತ್ತು. ಕೂಗುವುದು ನಿಂತಿತೇ ಎಂದರೆ, ಇಲ್ಲ. ಹೆಸರು ಹೇಳಿದ ಮೇಲೂ ಕೂಗಿದವು. ಮನೆಯೊಳಗಿನ ದೊಡ್ಡವರು ನಗುತ್ತಿದ್ದರಲ್ಲ, ಮತ್ತೇಕೆ ನಿಲ್ಲಿಸಬೇಕು?

ಆಕೆ ಟಾಂಜಾನಿಯಾ ದೇಶದವಳು. ಅಲ್ಲಿಯ ದೊಡ್ಡ ಸರೋವರವೊಂದರ ದಂಡೆಯ ಹಳ್ಳಿಯವಳು. ಮೂರು ವರ್ಷದ ನರ್ಸಿಂಗ್ ಕಲಿಯಲು ಬಂದಿದ್ದಳು. ನಾನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಿಂದ ಅದನ್ನೇ ಕಲಿಯಲು ಬಂದವಳು. ಕಾಲೇಜಿನ ಹೆಸರು ಬೇಡ. ಹಾನಗಲ್ಲಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಜತೆಗೆ ಅವರದೇ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಇತ್ತು. ಈಗ ಎರಡೂ ಇಲ್ಲ. ಆ ವರ್ಷ ಹೊರದೇಶದಿಂದ ಮೂವರು ಬಂದಿದ್ದರು. ಒಂದು ತಿಂಗಳು ಕಳೆಯುವುದರೊಳಗೆ ಇಬ್ಬರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೋದರು. ನೀಮಾ ಉಳಿದಳು.

ನಮ್ಮ ಮನೆಯ ಮಾಲಕಿ ಚನ್ನವ್ವ. ರೂಮು ಕೇಳಲು ಹೋದ ದಿನ ಆಕೆ ನೀಮಾಳನ್ನು ಏನೂ ಕೇಳಲಿಲ್ಲ, ಕಣ್ಣಿನಿಂದಲೇ ತೂಗಿದಳು. ನನ್ನನ್ನು ಮಾತ್ರ, ‘ನೀವು ಯಾವ ಮಂದಿಯವ್ವಾ?’ ಎಂದು ಕೇಳಿದಳು. ನಮ್ಮದು ಬುದ್ಧನ ಪಟ ಇಟ್ಟುಕೊಂಡ ಮನೆ. ಚಿಕ್ಕೇರೂರಿನಲ್ಲಿ ನಮ್ಮ ಮನೆಗಳು ಯಾವ ಕಡೆ ಇವೆ ಎಂದು ಹೇಳಿದರೆ ಸಾಕು, ಮುಂದಿನದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಬೇರೆ ಜಾತಿಯ ಹೆಸರು ಹೇಳಿದೆ. ಸುಜಾತಾ ಎಂಬ ನನ್ನ ಹೆಸರು ಯಾವ ಮನೆಯಲ್ಲಾದರೂ ಇರಬಹುದಾದ ಹೆಸರು. ಚನ್ನವ್ವ ತಲೆಯಾಡಿಸಿ ಕೀಲಿಕೈ ಕೊಟ್ಟಳು. ಆಮೇಲೆ ನೀಮಾಳ ಕಡೆ ಗೋಣು ಹಾಕಿ ನನಗೆ ಹೇಳಿದಳು: ‘ಆಕಿ ನೀರ ಹಿಡದ ಮ್ಯಾಲೆ ನಳ ತೊಳಿಲಿ. ಅಷ್ಟ ಹೇಳಿಬಿಡು.’

ನೀಮಾ ಎರಡೂವರೆ ವರ್ಷ ಆ ನಳ ತೊಳೆದಳು. ಮೊದಮೊದಲು ಅದು ಈ ದೇಶದ ಸ್ವಚ್ಛತೆಯ ಪದ್ಧತಿ ಎಂದು ತಿಳಿದಿದ್ದಳು. ನಾನು ತೊಳೆಯದೆ ಒಳಗೆ ಹೋಗುವುದನ್ನು ಕಂಡು, ‘ನೀ ಯಾಕ ತೊಳ್ಯಂಗಿಲ್ಲ?’ ಎಂದು ಬೈದದ್ದೂ ಉಂಟು.

ಆಕೆಗೆ ಗೋವಿನಜೋಳದ ಹಿಟ್ಟಿನ ಮುದ್ದೆ ಬೇಕಾಗುತ್ತಿತ್ತು. ನಮ್ಮ ಕಡೆ ಹೊಲಹೊಲಗಳಲ್ಲಿ ಗೋವಿನಜೋಳ ಬೆಳೆಯುತ್ತದೆ, ಲಾರಿಗಟ್ಟಲೆ ಕೋಳಿಯ ಆಹಾರಕ್ಕೆ ಹೋಗುತ್ತದೆ. ಮನುಷ್ಯರು ಉಣ್ಣುವುದು ಕಡಿಮೆ. ಅಕ್ಕಿಆಲೂರಿನ ಸಂತೆಯಲ್ಲಿ ಕಾಳು ತಂದು ಗಿರಣಿಗೆ ಒಯ್ದರೆ ಗಿರಣಿಯವನು, ‘ಎಷ್ಟು ಕೋಳಿ ಸಾಕೀಯವ್ವಾ?’ ಎಂದು ಸುತ್ತ ನಿಂತವರಿಗೆ ಕಣ್ಣು ಹೊಡೆದ. ನೀಮಾ, ‘ಒಂದ ಐತ್ರಿ. ಭಾಳ ಉಣ್ತೈತ್ರಿ,’ ಎಂದು ತನ್ನ ಎದೆ ಮುಟ್ಟಿಕೊಂಡಳು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಮನೆಗೆ ಬಂದು ಮುದ್ದೆ ಮಾಡಿದಳು, ಉಣ್ಣಲಿಲ್ಲ. ನಾನು ಉಂಡೆ. ರುಚಿಯಾಗಿತ್ತು.

ಆಕೆ ಬಂದು ಎರಡು ತಿಂಗಳಾಗಿತ್ತು. ಎದುರು ಮನೆಯ ಸೊಸೆ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಮಗಳಿಗೆ ಅನ್ನ ತಿನ್ನಿಸುವಾಗ, ‘ನೀಮಾ, ಬಾ ಇಲ್ಲೆ’ ಎಂದು ಕರೆಯುತ್ತಿದ್ದಳು. ನೀಮಾ ಓದುವ ಪುಸ್ತಕ ಬಿಟ್ಟು ಓಡುತ್ತಿದ್ದಳು. ಓಣಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವ ಹೆಂಗಸು ಅವಳೊಬ್ಬಳೇ. ಕಟ್ಟೆಯ ಕೆಳಗೆ ನಿಂತು ಆ ಕೂಸಿನ ಕಡೆ ಕೈ ಬೀಸುವುದು, ತಾಯಿ ಏನೋ ಹೇಳುವುದು, ಕೂಸು ಗಬಗಬ ಬಾಯಿ ತೆರೆಯುವುದು. ನೀಮಾ ತಿರುಗಿ ಬಂದು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಹೋದರೇನೇ ಆ ಕೂಸು ಉಣ್ಣುತ್ತದೆ ನೋಡು, ನನ್ನನ್ನು ಅಷ್ಟು ಹಚ್ಚಿಕೊಂಡಿದೆ ಎಂದು.

ತಾಯಿ ಹೇಳುತ್ತಿದ್ದದ್ದು ಇಷ್ಟು: ‘ಉಣ್ಣಲಿಲ್ಲಂದ್ರ ನೋಡು, ಈಕಿ ನಿನ್ನ ಚೀಲದಾಗ ಹಾಕ್ಕೊಂಡ ಒಯ್ತಾಳ.’

ಮೊದಲ ದಿನವೇ ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಆಕೆಗೆ ನೋವಾದೀತು ಎಂದು ಆಗ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ನಿಜವೆಂದರೆ ಅದು ನನಗೂ ಮೋಜಾಗಿತ್ತು. ಒಂದು ಸಂಜೆ ನೀಮಾಳ ಕನ್ನಡ ಆ ವಾಕ್ಯದ ಮಟ್ಟಕ್ಕೆ ಬೆಳೆಯಿತು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಆಕೆಯ ಬೀಸುತ್ತಿದ್ದ ಕೈ ಹಾಗೇ ನಿಂತಿತು. ಆಮೇಲೆ ಕಟ್ಟೆಗೆ ಎರಡೂ ಕೈ ಊರಿ ಕೂಸಿಗೆ ಹೇಳಿದಳು: ‘ನಾ ಒಯ್ಯಂಗಿಲ್ರಿ. ನಿಮ್ಮವ್ವ ಸುಳ್ಳ ಹೇಳ್ತಾಳ. ಹಸಿವಿದ್ರ ಉಣ್ರಿ, ಇಲ್ಲಂದ್ರ ಬಿಡ್ರಿ.’ ಕೂಸು ಕಿಲಕಿಲ ನಕ್ಕು ಬಾಯಲ್ಲಿದ್ದ ಅನ್ನ ಉಗುಳಿತು. ಅಂದಿನಿಂದ ಆ ಹೆಂಗಸು ನೀಮಾಳನ್ನು ಎಂದೂ ಕರೆಯಲಿಲ್ಲ. ಈಕೆಗೆ ಸೊಕ್ಕು ಬಹಳ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದಳು.

ಒಳಗೆ ಬಂದ ನೀಮಾ, ‘ನಿನಗ ಗೊತ್ತಿತ್ತೇನು?’ ಎಂದಳು.

‘ಇಲ್ಲ,’ ಎಂದೆ. ಆಕೆ ನಂಬಿದಳು.

ಇಷ್ಟಾದರೂ ಈಕೆ ಏಕೆ ಉಳಿದಳು ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿದ್ದೆ. ಆಕೆಯ ದೊಡ್ಡಪ್ಪನ ಮಗಳೊಬ್ಬಳು ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿ ಇದನ್ನೇ ಓದುತ್ತಿದ್ದಳು. ಅಲ್ಲಿ ಒಂದು ಹೆರಿಗೆ ಮೇಜಿನ ಸುತ್ತ ಹತ್ತು ಹನ್ನೆರಡು ವಿದ್ಯಾರ್ಥಿನಿಯರು. ಮುಂದಿನವಳ ಹೆಗಲ ಮೇಲಿಂದ ಇಣುಕಿ ನೋಡಿದ್ದೇ ಕಲಿಕೆ. ‘ಆಕಿ ಕೂಸು ಹುಟ್ಟೋದ ನೋಡ್ಯಾಳ. ನಾ ಹಿಡದೇನಿ,’ ಎನ್ನುತ್ತಿದ್ದಳು ನೀಮಾ. ನಮ್ಮ ಆಸ್ಪತ್ರೆಯಲ್ಲಿ ನರ್ಸುಗಳು ಸಾಕಷ್ಟು ಇರಲಿಲ್ಲ. ಎರಡನೆಯ ವರ್ಷದಿಂದಲೇ ಲೀಲಾ ಸಿಸ್ಟರ್ ಪಕ್ಕದಲ್ಲಿ ನಿಂತು ನಮ್ಮ ಕೈಯಲ್ಲೇ ಮಾಡಿಸುತ್ತಿದ್ದರು. ಅಲ್ಲಿಗೆ ಬರುವ ಹೆಂಗಸರಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇಲ್ಲದ್ದರಿಂದ ನೀಮಾ ಆರು ತಿಂಗಳಲ್ಲಿ ಕನ್ನಡ ಕಲಿತಳು. ಮೊದಲು ಬ್ಯಾನಿಯ ಹೊತ್ತಿನಲ್ಲಿ ತನ್ನ ಭಾಷೆಯಲ್ಲಿ ‘ಸುಕುಮಾ, ಸುಕುಮಾ’ ಎನ್ನುತ್ತಿದ್ದಳು. ಹಾಗೆಂದರೆ ನೂಕು ಎಂದಂತೆ. ಹೆಂಗಸರು ತಮ್ಮನ್ನು ಸುಕುಮಾರಿ ಎನ್ನುತ್ತಿದ್ದಾಳೆ ಎಂದು ತಿಳಿಯುತ್ತಿದ್ದರು. ಆಮೇಲೆ ‘ಮುಕ್ಕ್ರೀ ಅಕ್ಕಾ, ಮುಕ್ಕ್ರೀ’ ಎಂದು ನಮಗಿಂತ ಗಟ್ಟಿಯಾಗಿ ಕೂಗತೊಡಗಿದಳು.

ಒಂದು ಸಲ ಆಕೆ ಹೇಳಿದ್ದು ನೆನಪಿದೆ: ‘ನಮ್ಮೂರು ಬೆಂಗಳೂರಿನಂಗ ಇಲ್ಲ, ಹಾನಗಲ್ಲಿನಂಗನೂ ಇಲ್ಲ. ಇದಕ್ಕಿಂತ ಸಣ್ಣದು. ದವಾಖಾನಿಗೆ ಹೋಗಬೇಕಂದ್ರ ಅರ್ಧ ದಿನ ಬೇಕು. ಅಲ್ಲಿ ಮಶೀನು ಇಲ್ಲ, ಡಾಕ್ಟರ್ ಇಲ್ಲ, ನಾ ಒಬ್ಬಾಕಿನ ಇರ್ತೇನಿ. ನಾ ಇಂಥಲ್ಲೇ ಕಲೀಬೇಕು.’

ಪ್ರಿನ್ಸಿಪಾಲರಿಗೆ ಈ ಮಾತು ಬಹಳ ಹಿಡಿಸಿತು. ಹೊರದೇಶದ ವಿದ್ಯಾರ್ಥಿಗಳಿಗೆ ದೊಡ್ಡ ನಗರದಾಚೆ ಓದುವುದರಿಂದ ಏನು ಲಾಭ ಎಂದು ಒಂದು ಪುಟ ಬರೆದುಕೊಡಲು ಹೇಳಿದರು. ನೀಮಾ ಶ್ರದ್ಧೆಯಿಂದ ಕೂತು ಬರೆದಳು. ಕೈತುಂಬ ಕೆಲಸ ಸಿಗುತ್ತದೆ, ಶಿಕ್ಷಕರಿಗೆ ಪ್ರತಿಯೊಬ್ಬರ ಹೆಸರು ಗೊತ್ತಿರುತ್ತದೆ, ಭಾಷೆ ಬೇಗ ಬರುತ್ತದೆ, ಖರ್ಚು ಕಡಿಮೆ, ಜನ ಎಲ್ಲರನ್ನೂ ಗುರುತಿಸುತ್ತಾರೆ. ಎಪ್ರನ್ ಹಾಕಿಕೊಂಡು ನಗುತ್ತಿರುವ ಆಕೆಯ ಫೋಟೊದೊಂದಿಗೆ ಅದು ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಅಚ್ಚಾಯಿತು. ನೀಮಾ ಹೋದ ಮರುವರ್ಷ ನಾನು ಅಂಕಪಟ್ಟಿ ತರಲು ಹೋದಾಗ ಆಫೀಸಿನ ಬೆಂಚಿನ ಮೇಲೆ ಹೊರದೇಶದ ಹೊಸ ಹುಡುಗಿಯೊಬ್ಬಳು ಅದೇ ಪುಸ್ತಿಕೆ ಹಿಡಿದು ಕೂತಿದ್ದಳು. ಇದರಲ್ಲಿ ಬರೆದದ್ದು ನಿಜವೇ ಎಂದು ಕೇಳಿದಳು. ನಿಜ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡನೆಯ ವರ್ಷದ ದೀಪಾವಳಿ ರಜೆಯಲ್ಲಿ ನೀಮಾಳನ್ನು ಚಿಕ್ಕೇರೂರಿಗೆ ಕರೆದುಕೊಂಡು ಹೋದೆ. ಕರೆಯಬಾರದಿತ್ತೇನೋ, ಆದರೆ ಖಾಲಿ ಓಣಿಯಲ್ಲಿ ಆಕೆಯೊಬ್ಬಳನ್ನೇ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಆಗ ಇನ್ನೂ ಇದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಸೂಲಗಿತ್ತಿಯಾಗಿ ಹೆಸರಾದವಳು. ಕಣ್ಣು ಮಂಜಾಗಿದ್ದ ಆಯಿ ನೀಮಾಳ ಎರಡೂ ಕೈ ಹಿಡಿದು ಬೆರಳು ಬೆರಳು ಸವರಿ ನೋಡಿದಳು. ‘ಬೆರಳು ಉದ್ದ, ಗಿಣ್ಣು ಸಣ್ಣ. ಇದು ಕೂಸು ಹಿಡಿಯೋ ಕೈ,’ ಎಂದಳು. ಆಮೇಲೆ ನನ್ನ ಕೈಯನ್ನೂ ಹಿಡಿದು ನೋಡಿ, ಏನೂ ಹೇಳದೆ ಬಿಟ್ಟಳು.

ಸಂಜೆ ಅಂಗಳದಲ್ಲಿ ಕೂತು ಆಯಿ ತನ್ನ ಕಾಲದ್ದನ್ನು ಹೇಳಿದಳು. ನೀಮಾ ಒಂದು ಮಾತೂ ಬಿಡದೆ ಕೇಳಿದಳು. ‘ಹಿತ್ತಲ ಬಾಗಲಲೆ ಒಳಗ ಕರೀತಿದ್ರು. ಕೂಸು ಹುಟ್ಟಿದ ಮ್ಯಾಲೆ ಅದ ಬಾಗಲಲೆ ಹೊರಗ. ನಾ ಹೊಂಟ ಮ್ಯಾಲೆ ಮನಿಗೆಲ್ಲಾ ನೀರು ಹೊಡೀತಿದ್ರು. ಕೂಸಿಗೂ ಹೊಡೀತಿದ್ರವ್ವಾ. ಅದನ್ನ ಹಿಡದಾಕಿ ನಾನ.’

ಮರಳುವ ಬಸ್ಸಿನಲ್ಲಿ, ಹಾನಗಲ್ಲು ಹತ್ತಿರವಾದಾಗ, ನೀಮಾ ‘ಚನ್ನವ್ವಾರಿಗೆ ನೀ ಬ್ಯಾರೆ ಜಾತಿ ಹೇಳಿದಿ,’ ಎಂದಳು.

‘ರೂಮು ಬೇಕಾಗಿತ್ತು.’

‘ಹೌದು. ನಾ ಯಾರಿಗೂ ಹೇಳಂಗಿಲ್ಲ,’ ಎಂದಳು. ಆ ದಿನ ಮನೆಗೆ ಬಂದವಳೇ ನೀರು ಹಿಡಿದು, ಎಂದಿನಂತೆ ನಳ ತೊಳೆದಳು. ನಾನು ನೋಡುತ್ತ ನಿಂತಿದ್ದೆ. ಈಗ ಆಕೆಗೆ ಎಲ್ಲವೂ ಅರ್ಥವಾಗಿತ್ತು.

ಮೂರನೆಯ ವರ್ಷ, ಕೊನೆಯ ಪರೀಕ್ಷೆಗೆ ಮೂರು ತಿಂಗಳಿರುವಾಗ, ಸವಣೂರು ಕಡೆಯ ಹಳ್ಳಿಯಿಂದ ರೇಣುಕಾ ಎಂಬ ಹೆಂಗಸು ಚೊಚ್ಚಲ ಹೆರಿಗೆಗೆ ಬಂದಳು. ಜೊತೆಗೆ ಆಕೆಯ ಅತ್ತೆ. ಬೆಳಗಿನಿಂದ ನೀಮಾ ಆಕೆಯ ಮಗ್ಗುಲಲ್ಲೇ ಕೂತು ಸೊಂಟ ತಿಕ್ಕುತ್ತ, ನೀರು ಕುಡಿಸುತ್ತ ಇದ್ದಳು. ಆ ಹೊತ್ತಿಗೆ ಅತ್ತೆ ಏನೂ ಅನ್ನಲಿಲ್ಲ. ಮಧ್ಯಾಹ್ನ ಮತ್ತೊಬ್ಬಳಿಗೆ ತುರ್ತಾಗಿ ಶಸ್ತ್ರಕ್ರಿಯೆ ಬೇಕಾಗಿ ಡಾಕ್ಟರರೂ ಲೀಲಾ ಸಿಸ್ಟರೂ ಆ ಕೋಣೆ ಸೇರಿದರು. ಹೆರಿಗೆ ಕೋಣೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಒಬ್ಬ ಆಯಾ. ರೇಣುಕಾಳನ್ನು ಮೇಜಿಗೆ ಹತ್ತಿಸಿದೆವು. ನೀಮಾ ಕೈಗವಸು ಹಾಕಿಕೊಂಡಳು. ಆಗ ಅತ್ತೆ ಅಡ್ಡ ಬಂದಳು.

‘ಈಕಿ ಮುಟ್ಟೂದು ಬ್ಯಾಡ. ನಮ್ಮ ಮನಿ ಮೊದಲನೇ ಕೂಸು. ಹುಟ್ಟಿದ ಕೂಡ್ಲೆ ಇಂಥ ಮಾರಿ ನೋಡಬಾರದು.’

ರೇಣುಕಾ ನೀಮಾಳ ಮಣಿಕಟ್ಟು ಹಿಡಿದುಕೊಂಡಳು. ‘ಅತ್ತಿ, ಆಕಿನ ಮಾಡ್ಲಿರಿ. ಮುಂಜಾನಿಂದ ಆಕಿನ ಅದಾಳ.’

‘ನೀ ಸುಮ್ಕಿರು!’ ಎಂದ ಅತ್ತೆ ಸೊಸೆಯ ಬೆರಳುಗಳನ್ನು ಬಿಡಿಸಿ, ನನ್ನ ಕಡೆ ತಿರುಗಿದಳು. ‘ನೀ ಮಾಡವ್ವಾ. ನೀ ನಮ್ಮಾಕಿ ಅದಿ. ನಿನ್ನ ಕೈಲೆ ಆಗ್ಲಿ.’

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ನನ್ನ ಆಯಿಯನ್ನು ಹಿತ್ತಲ ಬಾಗಿಲಿನಿಂದ ಕರೆದ ಮಂದಿ ನನ್ನನ್ನು ಎದುರಿಗೆ ನಿಂತು ಕರೆಯುತ್ತಿದ್ದರು. ನಾನು ಯಾರೆಂದು ಗೊತ್ತಿದ್ದರೆ ನೀಮಾಳಿಗಿಂತ ಮುಂಚೆ ನನ್ನನ್ನೇ ಹೊರಗೆ ಹಾಕುತ್ತಿದ್ದರು ಎಂಬುದು ಹೊಳೆಯದೆ ಇರಲಿಲ್ಲ. ಹೊಳೆದದ್ದರಿಂದಲೇ ಹಿಗ್ಗು ಇನ್ನೂ ಹೆಚ್ಚಾಯಿತು. ಕೈಗವಸು ಏರಿಸಿಕೊಂಡು ಮುಂದೆ ಬಂದೆ. ನೀಮಾ ಗೋಡೆಗೆ ಸರಿದು ನಿಂತಳು.

ತಲೆ ಬಂತು. ಬಂದ ತಲೆ ಆಮೆಯ ಕತ್ತಿನಂತೆ ಹಿಂದಕ್ಕೆ ಸರಿದು ಅಲ್ಲೇ ಕಚ್ಚಿಕೊಂಡಿತು. ಕೂಸಿನ ಹೆಗಲು ಒಳಗಿನ ಮೂಳೆಗೆ ಸಿಕ್ಕಿಬಿದ್ದಿತ್ತು. ತರಗತಿಯಲ್ಲಿ ಇದರ ಬಗ್ಗೆ ಹೇಳಿದ್ದರು. ನೀಮಾ ಅದನ್ನು ಬಟ್ಟೆಯ ಗೊಂಬೆ ಇಟ್ಟುಕೊಂಡು ರೂಮಿನಲ್ಲಿ ಎಷ್ಟೋ ಸಲ ಮಾಡಿ ನೋಡಿದ್ದಳು. ಗೊಂಬೆ ಹಿಡಿಯಲು ನನ್ನನ್ನು ಕರೆದರೆ ನಾನು ಮೊಬೈಲು ನೋಡುತ್ತ ‘ಗೊತ್ತೈತಿ ಬಿಡು’ ಎಂದಿದ್ದೆ.

ನಾನು ತಲೆ ಹಿಡಿದು ಎಳೆದೆ. ಆಯಾ ಹೊಟ್ಟೆಯ ಮೇಲ್ಭಾಗಕ್ಕೆ ಮೊಣಕೈ ಊರಿ ಒತ್ತಿದಳು.

‘ಎಳೀಬ್ಯಾಡ!’ ನೀಮಾ ಗೋಡೆಯ ಹತ್ತಿರದಿಂದ ಕೂಗಿದಳು. ‘ಆಯಾರೀ, ಮ್ಯಾಲೆ ಒತ್ತಬ್ಯಾಡ್ರಿ! ಸುಜಾತಾ, ತೊಡಿ ಮ್ಯಾಲೆ ತಗೊ!’

ಅತ್ತೆ ಆಕೆಗೆ ಅಡ್ಡ ನಿಂತು ಎರಡೂ ಕೈ ಚಾಚಿದ್ದಳು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ನನಗ ಬರವಲ್ದು, ಆಕಿನ ಬಿಡ್ರಿ’ ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಮತ್ತೆ ಎಳೆದೆ. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆದದ್ದನ್ನು ನಾನೇ ನೋಡಿದೆ. ಕೂಸಿನ ಮುಖ ಕಪ್ಪುನೀಲಿಯಾಯಿತು.

ನೀಮಾ ಆ ಮುದುಕಿಯನ್ನು ನೂಕಿ ಬಂದಳು. ಹೆಗಲಿನಿಂದ ನನ್ನನ್ನು ಪಕ್ಕಕ್ಕೆ ತಳ್ಳಿದಳು. ರೇಣುಕಾಳ ತೊಡೆಗಳನ್ನು ಮಡಿಸಿ ಹೊಟ್ಟೆಗೆ ಒತ್ತಿ, ಹಿಡಿದುಕೊಳ್ಳಲು ಆಯಾಗೆ ಕೊಟ್ಟಳು. ನನ್ನ ಮುಷ್ಟಿ ಹಿಡಿದು ಕಿಬ್ಬೊಟ್ಟೆಯ ಮೂಳೆಯ ಮೇಲೆ ಇಟ್ಟು, ‘ಇಲ್ಲಿ ಒತ್ತು’ ಎಂದಳು. ಉದ್ದ ಬೆರಳಿನ ಆ ಕೈ ಒಳಗೆ ಹೋಗಿ ಕೂಸಿನ ಕೆಳಗಿನ ತೋಳನ್ನು ಹೊರತಂದಿತು. ‘ಬರ್ರಿ,’ ಎಂದಳು, ‘ಬರ್ರಿ, ಬರ್ರಿ.’ ಅರ್ಧ ನಿಮಿಷವೂ ಹಿಡಿಯಲಿಲ್ಲ. ಇಡೀ ಕೂಸು ಆಕೆಯ ಕೈಗೆ ಬಂತು. ಗಂಡುಕೂಸು. ಅಳಲಿಲ್ಲ. ನೀಮಾ ಅದರ ಬಾಯಿಗೆ ಉಸಿರಿನ ಚೀಲ ಹಚ್ಚಿ ಒತ್ತುತ್ತಲೇ ಇದ್ದಳು. ಲೀಲಾ ಸಿಸ್ಟರ್ ಬಂದು, ನೋಡಿ, ಆಕೆಯ ಮಣಿಕಟ್ಟು ಹಿಡಿದು ನಿಲ್ಲಿಸುವತನಕ ಒತ್ತುತ್ತಿದ್ದಳು.

ರೇಣುಕಾ ಬದುಕಿದಳು.

ಅತ್ತೆ ನೀಮಾಳ ಕೆನ್ನೆಗೆ ಹೊಡೆದಳು. ‘ಮುಟ್ಟಬ್ಯಾಡ ಅಂದ್ರೂ ಮುಟ್ಟಿದಿ. ನನ್ನ ಮೊಮ್ಮಗನ್ನ ತಿಂದಿ’ ಎಂದು ಮತ್ತೂ ಹೊಡೆದಳು. ನೀಮಾ ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಸಂಜೆಯೊಳಗೆ ಹಳ್ಳಿಯಿಂದ ಎರಡು ಟ್ರ್ಯಾಕ್ಟರು ತುಂಬ ಜನ ಬಂದರು. ಆ ಕರಿಯಳನ್ನು ಹೊರಗೆ ಕಳಿಸಿರಿ ಎಂದು ಗೇಟು ಅಲುಗಾಡಿಸಿದರು. ನೀಮಾಳನ್ನು ಔಷಧಿ ಇಡುವ ಕೋಣೆಯಲ್ಲಿ ಕೂಡಿಹಾಕಿ ಕೀಲಿ ಹಾಕಿದ್ದರು. ಪ್ರಿನ್ಸಿಪಾಲರು ಗೇಟಿಗೆ ಹೋಗಿ, ಆಕೆಯನ್ನು ಈ ದೇಶದಿಂದಲೇ ಕಳಿಸುತ್ತೇನೆ ಎಂದು ಕೈಮುಗಿದು ಮಾತು ಕೊಟ್ಟು ಬಂದರು. ಇನ್ನೂ ಯಾರ ಹೇಳಿಕೆಯನ್ನೂ ಬರೆದುಕೊಂಡಿರಲಿಲ್ಲ.

ಹೇಳಿಕೆ ಬರೆಯಿಸಿದ್ದು ಮರುದಿನ. ಪ್ರಿನ್ಸಿಪಾಲರು ನನ್ನನ್ನು ಕೂರಿಸಿ ಚಹಾ ತರಿಸಿದರು. ಕೆಟ್ಟ ಮನುಷ್ಯರಲ್ಲ. ಮೆಲುದನಿಯಲ್ಲಿ ಮಾತಾಡುವವರು.

‘ನೋಡವಾ ಸುಜಾತಾ. ನಾನೂ ಇಲ್ಲೇ ಇರಾಂವ, ನೀನೂ ಇಲ್ಲೇ ಇರಾಕಿ. ಆಯಾ, ಲೀಲಾ ಸಿಸ್ಟರು, ಎಲ್ಲಾರೂ ಈ ಮಂದಿ ನಡುವನ ಬಾಳೇವು ಮಾಡಬೇಕು. ಆ ಹುಡುಗಿ ಹೆಂಗಿದ್ರೂ ಒಂದಿನ ಹೋಗಾಕಿನ. ನೀ ಸುಳ್ಳ ಬರಿ ಅಂತ ನಾ ಹೇಳಂಗಿಲ್ಲ. ಆದದ್ದ ಬರಿ. ಎಲ್ಲಾನೂ ಬರೀಬೇಕಂತೇನಿಲ್ಲ.’

ನಾನು ಬರೆದೆ: ‘ಮನೆಯವರು ಬೇಡವೆಂದರೂ ನೀಮಾ ಗರ್ಭಿಣಿಯನ್ನು ಮುಟ್ಟಿದಳು. ನೀಮಾಳ ಕೈಯಲ್ಲಿ ಕೂಸು ಹೊರಬಂತು. ಕೂಸು ಅಳಲಿಲ್ಲ.’ ಕೆಳಗೆ ಸಹಿ ಮಾಡಿದೆ. ಚಹಾ ಆರಿತ್ತು, ಆದರೂ ಕುಡಿದೆ.

ನೀಮಾಳನ್ನು ರೇಣುಕಾಳ ಮನೆಯವರ ಎದುರು ಕರೆಸಿ ಕೇಳಿದಾಗ ನಾನೂ ಆ ಕೋಣೆಯಲ್ಲಿದ್ದೆ. ಆ ಅತ್ತೆ ಇದ್ದಳು, ಮಾವ ಇದ್ದ. ಆಕೆ ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ನಿಮ್ಮಾಕಿ ಎಂದು ಕರೆದು ಮುಟ್ಟಿಸಿಕೊಂಡಿರಲ್ಲ, ಈಕೆ ಯಾರು ಗೊತ್ತೇ ಎಂದು ಕೇಳಿದ್ದರೆ, ಆ ಮಂದಿಯ ಸಿಟ್ಟೆಲ್ಲ ಅರೆಗಳಿಗೆಯಲ್ಲಿ ನನ್ನ ಕಡೆ ತಿರುಗುತ್ತಿತ್ತು. ನೀಮಾ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ, ‘ತಲಿ ಬಂದ ಮ್ಯಾಲೆ ನಾಕು ನಿಮಿಷ ಹೋಗಿತ್ರಿ. ನಾ ಲಗೂ ಮುಟ್ಟಬೇಕಾಗಿತ್ತು,’ ಎಂದಳು. ಇನ್ನೇನನ್ನೂ ಹೇಳಲಿಲ್ಲ. ಆ ನಾಲ್ಕು ನಿಮಿಷ ಯಾರ ಕೈಯಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ.

ಆಕೆ ಈ ದೇಶದಲ್ಲಿರುವುದು ಕಾಲೇಜಿನ ಪತ್ರದ ಮೇಲೆ ನಿಂತಿತ್ತು. ಅದನ್ನು ಹಿಂದಕ್ಕೆ ಪಡೆದರು. ಚನ್ನವ್ವ ಆಕೆಯ ಚಾಪೆ ಪಾತ್ರೆಗಳನ್ನು ಅಂಗಳಕ್ಕೆ ಎಸೆದು, ಇಡೀ ಮನೆ ತೊಳೆಸಿದಳು. ನನ್ನನ್ನು ಕರೆದು, ‘ನೀ ಇರವ್ವಾ, ನಿನಗೇನೂ ಅನ್ನಂಗಿಲ್ಲ’ ಎಂದಳು. ನಾನು ಅಲ್ಲೇ ಇದ್ದೆ. ಕೋರ್ಸು ಮುಗಿಯುವತನಕ ಇದ್ದೆ.

ಹೋಗುವ ದಿನ ಬೆಳಿಗ್ಗೆ ಆಕೆಯನ್ನು ಕಾಣಲು ಹಾನಗಲ್ ಬಸ್ ನಿಲ್ದಾಣಕ್ಕೆ ಹೋದೆ. ಕಲ್ಲಿನ ಬೆಂಚಿನ ಮೇಲೆ ಎರಡು ಚೀಲ ಇಟ್ಟುಕೊಂಡು ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದಳು. ಕೆನ್ನೆ ಇನ್ನೂ ಊದಿಕೊಂಡಿತ್ತು. ನಾನು ಪಕ್ಕದಲ್ಲಿ ಕೂತೆ.

‘ನೀ ಬರದದ್ದು ಪ್ರಿನ್ಸಿಪಾಲ್ರು ತೋರ್ಸಿದ್ರು,’ ಎಂದಳು. ‘ಎಲ್ಲಾ ಖರೇ ಐತಿ.’

ನಾನು ಅಳತೊಡಗಿದೆ. ಆಕೆ ಸಮಾಧಾನ ಮಾಡಲಿಲ್ಲ. ನಾನು ಸುಮ್ಮನಾಗುವತನಕ ಬಸ್ಸಿನ ದಾರಿ ನೋಡುತ್ತ ಕೂತಳು. ಕೊನೆಗೆ ನಾನೇ ಕೇಳಿದೆ, ‘ನನ್ನ ಬಗ್ಗೆ ಯಾಕ ಹೇಳ್ಲಿಲ್ಲ?’

‘ನಿನ್ನ ಸಲುವಾಗಿ ಅಂತ ತಿಳಕೊಬ್ಯಾಡ. ನಿಮ್ಮ ಆಯಿ ಸಲುವಾಗಿ.’

ಆಮೇಲೆ ಗಡಿಯಾರ ನೋಡಿಕೊಂಡಳು. ‘ಬಸ್ಸಿಗೆ ಹತ್ತು ನಿಮಿಷ ಐತಿ. ಹೇಳು. ತಲಿ ಬಂತು, ಹೊಳ್ಳಿ ಒಳಗ ಹೋತು. ಮೊದಲ ಏನ ಮಾಡ್ತಿ?’

ನಾನು ಕಣ್ಣು ಒರೆಸಿಕೊಂಡೆ.

‘ಹೇಳು.’

‘ಮಂದಿನ್ನ ಕರೀತೇನಿ… ತೊಡಿ ಮಡಿಚಿ ಹೊಟ್ಟಿಗೆ ಹಚ್ತೇನಿ. ಆಮ್ಯಾಲೆ ಒತ್ತಾಕ ಹೇಳ್ತೇನಿ.’

‘ಎಲ್ಲಿ?’

ನಾನು ಹೊಟ್ಟೆಯ ಮೇಲ್ಭಾಗ ತೋರಿಸಿದೆ.

‘ಕೂಸು ಸತ್ತಿತು,’ ಎಂದಳು ನೀಮಾ. ‘ಮೊದಲಿಂದ ಹೇಳು.’

ನನ್ನ ಮುಷ್ಟಿ ಹಿಡಿದು ನನ್ನದೇ ಕಿಬ್ಬೊಟ್ಟೆಯ ಮೂಳೆಯ ಮೇಲೆ ನೋಯುವಂತೆ ಒತ್ತಿದಳು. ‘ಇಲ್ಲಿ. ಮ್ಯಾಲೆ ಅಲ್ಲ, ಇಲ್ಲಿ.’ ಸುತ್ತ ನಿಂತವರು ನೋಡುತ್ತಿದ್ದರು. ಇಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಎರಡನೆಯ ಸಲ ನಾನು, ತಲೆಯನ್ನು ಮೆಲ್ಲಗೆ ಎಳೆಯುತ್ತೇನೆ ಎಂದೆ. ‘ಸತ್ತಿತು,’ ಎಂದಳು. ‘ಮೊದಲಿಂದ ಹೇಳು.’ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಮೂರನೆಯ ಸಲ ಒಂದೂ ತಪ್ಪದೆ ಹೇಳಿದೆ. ಕೆಳಗಿನ ತೋಳು ಹೇಗೆ ಹಿಡಿಯಬೇಕು, ಎತ್ತ ಕಡೆ ತರಬೇಕು ಎಂಬುದನ್ನೂ ಹೇಳಿದೆ.

ಬಸ್ಸು ಬಂತು. ನೀಮಾ ಎರಡೂ ಚೀಲ ತಾನೇ ಎತ್ತಿಕೊಂಡಳು. ನಾನು ಹಿಡಿಯಲು ಹೋದಾಗ ಕೊಡಲಿಲ್ಲ. ‘ಮುಂದಿನ ಸಲ ನೀ ಒಬ್ಬಾಕಿನ ಇರ್ತಿ,’ ಎಂದು ಹೇಳಿ ಹತ್ತಿದಳು. ನಾನು ನಿಂತಿದ್ದ ಕಡೆಯ ಕಿಟಕಿ ಖಾಲಿಯಿತ್ತು. ಆಕೆ ಆಚೆ ಬದಿಗೆ ಹೋಗಿ ಕೂತಳು.

ಆಕೆ ಮುಂದೆ ಓದಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮೊಬೈಲಿಗೆ ಕಳಿಸಿದ ಸಂದೇಶಗಳು ಹೋಗಲೇ ಇಲ್ಲ. ಈಗ ನಾನು ಹಿರೇಕೆರೂರು ತಾಲೂಕಿನಲ್ಲಿ ಸ್ಟಾಫ್ ನರ್ಸ್. ಈ ವರ್ಷಗಳಲ್ಲಿ ಮೂರು ಸಲ ಕೂಸಿನ ಹೆಗಲು ಹಾಗೆ ಸಿಕ್ಕಿಬಿದ್ದಿದೆ. ಮೂರು ಸಲವೂ ನಾನು ಒಬ್ಬಳೇ ಇದ್ದೆ. ಮೂರೂ ಕೂಸುಗಳು ಅತ್ತವು. ಕಳೆದ ತಿಂಗಳು ಮೂರನೆಯದು ಹುಟ್ಟಿದಾಗ, ಹೊಸದಾಗಿ ಬಂದ ಡಾಕ್ಟರಮ್ಮ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಬೆರಗಾಗಿ, ‘ಇದನ್ನ ಇಷ್ಟು ಚೆಂದಾಗಿ ನಿಮಗ ಯಾರು ಕಲಿಸಿದ್ರು ಸಿಸ್ಟರ್?’ ಎಂದು ಕೇಳಿದರು.

‘ಕಾಲೇಜಿನಾಗ ಕಲಿಸಿದ್ರರಿ,’ ಎಂದು ಹೇಳಿ ಕೈ ತೊಳೆಯಲು ಹೋದೆ.